ಒಂದು ಹಾಳೆ, ಒಂದು ಎಲೆ, ಮೂರು ವಾರ

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಮಳೆಗಾಲದ ಚಿತ್ರಕಲೆ ಪಾಠ ಮಾಡುವುದು ಹೇಗೆ?

ಎರಡನೇ ತರಗತಿಯ ಮಗುವಿನ ಕೈಗೆ ಹಾಳೆ ಕೊಟ್ಟು ‘ಏನಾದರೂ ಬಿಡಿಸು’ ಅನ್ನಿ. ಎರಡು ತ್ರಿಕೋನದ ಬೆಟ್ಟ, ನಡುವೆ ನಗುವ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ತೆಂಗಿನ ಮರ. ಕಿಟಕಿಯಾಚೆ ಕಾಣುವ ಕೊಡಗಿನ ಬೆಟ್ಟಗಳು ಬಹುಪಾಲು ದುಂಡು ಬೆನ್ನಿನವು, ಜುಲೈನಲ್ಲಿ ಸೂರ್ಯನ ಸುಳಿವೂ ಇರುವುದಿಲ್ಲ. ಮಗುವಿಗೆ ಕಲ್ಪನೆ ಇಲ್ಲವೆಂದಲ್ಲ. ಅಕ್ಕನ ಪುಸ್ತಕದಿಂದಲೋ ಕಪ್ಪು ಹಲಗೆಯಿಂದಲೋ ಕಲಿತ ಆ ಚಿತ್ರ ಬೇಗ ಮುಗಿಯುತ್ತದೆ, ಯಾರೂ ತಪ್ಪು ಅನ್ನುವುದಿಲ್ಲ. ಅದನ್ನು ಮರೆಸಲು ಬುದ್ಧಿಮಾತು ಹೇಳಿ ಪ್ರಯೋಜನವಿಲ್ಲ. ತ್ರಿಕೋನಕ್ಕೆ ಜಾಗವೇ ಸಿಗದಂಥ ಕೆಲಸ ಕೊಡಬೇಕು.

ಕಲೆಯೂ 10ನೇ ತರಗತಿವರೆಗೆ ಕಲಿಕೆಯ ಭಾಗವಾಗಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪ್ರತ್ಯೇಕ ಚಿತ್ರಕಲಾ ಶಿಕ್ಷಕರು ಇರುವುದು ಅಪರೂಪ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಒಟ್ಟಾಗಿ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ನಡೆಸುವ ಟೀಚರೇ ಇದನ್ನೂ ನಡೆಸಬೇಕು. ಇಲ್ಲಿ ಹೇಳಿರುವ ಪಾಠಕ್ಕೆ ನಿಮಗೆ ಚಿತ್ರ ಬಿಡಿಸಲು ಬರಬೇಕೆಂದೇನಿಲ್ಲ. ಬರದಿದ್ದರೆ ಒಳ್ಳೆಯದೇ, ಹಲಗೆಯ ಮೇಲೆ ಮಾದರಿ ಬರೆದು ತೋರಿಸುವ ಆಸೆ ಹುಟ್ಟುವುದಿಲ್ಲ.

ಬೇಕಾಗುವ ಸಾಮಾನು

24 ಮಕ್ಕಳು, ನಾಲ್ವರಂತೆ ಆರು ಗುಂಪು ಎಂದುಕೊಳ್ಳಿ. ಎ4 ಅಳತೆಯ ದಪ್ಪ ಡ್ರಾಯಿಂಗ್ ಹಾಳೆ 30 ಇರಲಿ, ಆರು ಹೆಚ್ಚುವರಿ. ಜೆರಾಕ್ಸ್ ಹಾಳೆ ಬೇಡ, ನೀರು ತಗುಲಿದರೆ ಸುಕ್ಕಾಗುತ್ತದೆ, ಎರಡನೇ ಸಲ ಬ್ರಷ್ ಆಡಿಸಿದರೆ ನಾರೆದ್ದು ಹರಿಯುತ್ತದೆ. ಕಡು ಹಸಿರು ಅಥವಾ ಕಂದು ಪೋಸ್ಟರ್ ಬಣ್ಣ 100 ಮಿಲಿಯ ಒಂದು ಬಾಟಲಿ, ಒಂದು ಸಣ್ಣ ಫೆವಿಕಾಲ್, ಮೇಣದ ಕ್ರೆಯಾನ್, ಎರಡು ಬಿಳಿ ಮೇಣದಬತ್ತಿ, 1 ಇಂಚಿನ ಚಪ್ಪಟೆ ಬ್ರಷ್ ಆರು. ಪಾತ್ರೆ ತೊಳೆಯುವ ಸ್ಪಂಜು ಆರು ತಂದು ಒಂದೊಂದನ್ನೂ ನಾಲ್ಕು ತುಂಡು ಮಾಡಿ. ಹಳೆಯ ಪತ್ರಿಕೆ, ಹಗ್ಗ, ಬಟ್ಟೆ ಕ್ಲಿಪ್ಪು ಎಲ್ಲ ಶಾಲೆಯಲ್ಲೂ ಸಿಗುತ್ತವೆ.

ಹಾಳೆ ಹಂಚಿದ ಕೂಡಲೇ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಹೆಸರು ಬರೆಸಿ. ಕೆಲಸ ಮುಗಿದ ಮೇಲೆ ಬರೆಸಲು ಹೋದರೆ ಹಸಿ ಬಣ್ಣವನ್ನು ಮೇಜಿಗೆ ಒರಗಿಸಿಯೇ ಬರೆಯುತ್ತಾರೆ.

ಮೊದಲ ವಾರ: ಮಳೆ ಹಾಳೆ

ಐದು ನಿಮಿಷ ಜಗುಲಿಯಲ್ಲಿ ನಿಲ್ಲಿಸಿ ಮಳೆ ನೋಡಲು ಬಿಡಿ. ಹಂಚಿನ ಸೂರಿನಿಂದ ಬೀಳುವ ನೀರು ನೇರ, ಅಂಗಳದ ಮಳೆ ಗಾಳಿಗೆ ಓರೆ, ಮಂಜು ಕವಿದಾಗ ಗೆರೆಯೇ ಇಲ್ಲ. ‘ಈಗ ಎತ್ತ ಕಡೆಗೆ ಬೀಳ್ತಿದೆ? ಕೈಯಲ್ಲಿ ತೋರಿಸಿ’ ಅಂದರೆ ಸಾಕು.

ಒಳಗೆ ಬಂದು ಅದೇ ಗೆರೆಗಳನ್ನು ಕ್ರೆಯಾನ್‌ನಲ್ಲಿ ಒತ್ತಿ ಎಳೆಯಬೇಕು. ಒಂದನೇ ತರಗತಿಯವರಿಗೆ ಹಳದಿ ಅಥವಾ ತಿಳಿ ನೀಲಿ ಕೊಡಿ. ಬಿಳಿ ಮೇಣದಬತ್ತಿ ಮೂರನೇ ತರಗತಿಯವರಿಗಿರಲಿ, ಎಳೆದದ್ದು ಕಣ್ಣಿಗೆ ಕಾಣದಿದ್ದರೆ ಚಿಕ್ಕವರು ‘ಬರ್ತಾನೇ ಇಲ್ಲ ಮಿಸ್’ ಎಂದು ಕೈಬಿಡುತ್ತಾರೆ. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಮೇಣ ಹೊಳೆಯುತ್ತದೆ, ಸಾಕಷ್ಟು ಒತ್ತಿದ್ದಾರೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಮೃದುವಾಗಿ ಎಳೆದ ಗೆರೆ ನೀರನ್ನು ತಡೆಯುವುದಿಲ್ಲ. ತುಂಡಾದ ಕ್ರೆಯಾನ್ ಈ ಕೆಲಸಕ್ಕೆ ಹೊಸದಕ್ಕಿಂತ ಮೇಲು, ಬೆರಳು ಹತ್ತಿರ ಹಿಡಿದಷ್ಟೂ ಒತ್ತಡ ಬೀಳುತ್ತದೆ.

ಬಳಿಯಲು ಬಣ್ಣ ಕೊಳ್ಳಬೇಕಿಲ್ಲ. ಕುದಿಯುವ 100 ಮಿಲಿ ನೀರಿಗೆ ಎರಡು ದೊಡ್ಡ ಚಮಚ ಕಾಫಿ ಪುಡಿ ಹಾಕಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿಸಿ ತನ್ನಿ. ಆರು ಗುಂಪಿಗೆ ಇದರ ಎರಡು ಪಾಲು ಬೇಕು. ಒಂದು ಲೋಟದಲ್ಲಿ ಹಾಗೇ, ಇನ್ನೊಂದರಲ್ಲಿ ಸಮ ನೀರು ಬೆರೆಸಿ, ಮೂರನೆಯದರಲ್ಲಿ ಮೂರು ಪಾಲು ನೀರು ಹಾಕಿಡಿ. ಒಂದೇ ಬಣ್ಣದಲ್ಲಿ ತಿಳಿ, ನಡುವಣ, ಗಾಢ ಎಂಬ ಮೂರು ಮೆಟ್ಟಿಲು ಮಕ್ಕಳಿಗೆ ಕಾಣುವುದು ಇಲ್ಲೇ. ಉಳಿದ ಡಿಕಾಕ್ಷನ್ ಎತ್ತಿಡಬೇಡಿ, ಬೂಸ್ಟು ಹಿಡಿಯುತ್ತದೆ.

ಬ್ರಷ್ ಎಡದಿಂದ ಬಲಕ್ಕೆ ಒಂದೇ ಸಲ ಹೋಗಬೇಕು, ವಾಪಸ್ ಬರಬಾರದು. ಮೇಣವಿದ್ದಲ್ಲಿ ನೀರು ಜಾರಿ ಗೆರೆ ಮೇಲೇಳುವುದನ್ನು ಕಂಡು ಇಡೀ ತರಗತಿ ಕೂಗುತ್ತದೆ, ಕೂಗಲಿ.

ಒಣಗಿಸುವುದೇ ತೊಡಕು. ಜುಲೈನ ಮಡಿಕೇರಿಯಲ್ಲಿ ಹಾಳೆ ಒಂದು ದಿನದಲ್ಲಿ ಒಣಗುವುದಿಲ್ಲ. ಫ್ಯಾನ್ ನಂಬಿದರೆ ಕರೆಂಟು ಹೋಗುತ್ತದೆ. ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತದೆ. ಮೊದಲ ದಿನ ಹಗ್ಗಕ್ಕೆ ತೂಗುಹಾಕಿ, ಮರುದಿನ ಪತ್ರಿಕೆಯ ನಡುವೆ ಇಟ್ಟು ಮೇಲೆ ಪುಸ್ತಕ ಹೇರಿ, ಅದರ ಮರುದಿನ ಪತ್ರಿಕೆ ಬದಲಿಸಿ. ಹಾಳೆ ಚಪ್ಪಟೆಯೂ ಆಗುತ್ತದೆ.

ಎರಡನೇ ವಾರ: ಎಲೆಯ ಅಚ್ಚು

ಎಲೆಗಳನ್ನು ಹಿಂದಿನ ದಿನವೇ ತಂದು, ಒರೆಸಿ, ಪತ್ರಿಕೆಯೊಳಗೆ ಒತ್ತಿಡಿ. ಒದ್ದೆ ಎಲೆಗೆ ಬಣ್ಣ ಹಚ್ಚಿದರೆ ನೀರಾಗಿ ನರಗಳ ನಡುವೆ ತುಂಬಿಕೊಳ್ಳುತ್ತದೆ. ಮೂರ್ನಾಲ್ಕು ದಿನ ಒತ್ತಿಟ್ಟರೂ ಕಷ್ಟ, ಎಲೆ ಪುಡಿಯಾಗುತ್ತದೆ. ಮಕ್ಕಳನ್ನು ತೋಟಕ್ಕೆ ಕಳಿಸಬೇಡಿ, ಜಿಗಣೆ ಕಾಟ ಒಂದು ಕಡೆಯಾದರೆ, ಮಳೆಗಾಲದ ಮುಂಚೆ ಮತ್ತು ನಡುವೆ ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಇನ್ನೊಂದು ಕಡೆ. ಎಲೆಯ ಮೇಲೆ ನೀಲಿ ಕಲೆ ಕಂಡರೆ ಆ ಗಿಡದ್ದು ಬೇಡ. ಕೆಸುವಿನ ಎಲೆ, ತುರಚೆ, ಹಾಲು ಸುರಿಯುವ ಯಾವ ಎಲೆಯೂ ಬೇಡ.

ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಎರಡೂ ಜಾತಿಯ ಎಲೆ ತನ್ನಿ. ಅಕ್ಕಪಕ್ಕ ಇಟ್ಟರೆ ರೋಬಸ್ಟಾದ ಅಗಲ ಕಣ್ಣಿಗೆ ಹೊಡೆಯುತ್ತದೆ. ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲು ಮನೆ) ಬರುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅವರೇ ತರಗತಿಗೆ ಹೇಳಲಿ. ಕರಿಮೆಣಸಿನ ಎಲೆಯ ದಪ್ಪ ನರಗಳು ಬುಡದ ಹತ್ತಿರವೇ ಕವಲೊಡೆದು ತುದಿಯತ್ತ ಬಾಗುತ್ತವೆ, ಕಾಫಿಯವು ನಡುದಂಟಿನ ಉದ್ದಕ್ಕೂ ಹೊರಟು ಅಂಚಿಗೆ ಮುಟ್ಟುವ ಮುನ್ನ ಬಾಗುತ್ತವೆ. ಸಿಲ್ವರ್ ಓಕ್ ಎಲೆ ನೋಡಲು ಚೆಂದ, ಆದರೆ ಅಡಿಭಾಗದ ಬಿಳಿ ರೋಮ ಬಣ್ಣ ಕುಡಿದುಬಿಡುವುದರಿಂದ ಅಚ್ಚು ಮಸುಕು. ಅದನ್ನು ಎರಡು ಸಲ ಬಣ್ಣ ಹಚ್ಚುವ ತಾಳ್ಮೆಯಿರುವ ಮಗುವಿಗೆ ಕೊಡಿ.

ರಸ್ತೆ ಬದಿಯ ಬರೆಯಲ್ಲಿ ಬೆಳೆಯುವ, ಅಡಿಯಲ್ಲಿ ಬಿಳಿ ಪುಡಿಯಿರುವ ಜರಿಗಿಡ ಸಿಕ್ಕರೆ ಅದರಿಂದಲೇ ಶುರುಮಾಡಿ. ಅಂಗೈ ಹಿಂಬದಿಗೆ ಇಟ್ಟು ತಟ್ಟಿದರೆ ಬಣ್ಣವಿಲ್ಲದೆಯೇ ಬಿಳಿ ಅಚ್ಚು ಮೂಡುತ್ತದೆ. ಯಾವ ಬದಿ ಒತ್ತಬೇಕು ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಗುತ್ತದೆ.

ಇನ್ನು ಕ್ರಮ ಹೀಗೆ:

1. ಕಣ್ಣು ಮುಚ್ಚಿಸಿ ಎಲೆಯ ಎರಡೂ ಬದಿ ಸವರಿಸಿ. ನರ ಉಬ್ಬಿರುವ ಬದಿಗೇ ಬಣ್ಣ.

2. ಗುಂಪಿಗೆ ಎರಡು ಸಣ್ಣ ಚಮಚ ಪೋಸ್ಟರ್ ಬಣ್ಣ, ಅದಕ್ಕೆ ಅರ್ಧ ಚಮಚ ಫೆವಿಕಾಲ್. ಹದ ಉದ್ದಿನ ದೋಸೆ ಹಿಟ್ಟಿನಂತಿರಲಿ. ಬೆರಳಿನಿಂದ ತೊಟ್ಟಿಕ್ಕಿದರೆ ತೆಳುವಾಯಿತು.

3. ಸ್ಪಂಜನ್ನು ಬಣ್ಣಕ್ಕೆ ಮುಟ್ಟಿಸಿ, ಮೊದಲು ಪತ್ರಿಕೆಯ ಮೇಲೆ ಎರಡು ಸಲ ತಟ್ಟಿ, ಆಮೇಲೆ ಎಲೆಗೆ ತಟ್ಟಬೇಕು. ಒರೆಸಬಾರದು. ಒರೆಸಿದರೆ ನರದ ಮೇಲಿನ ಬಣ್ಣ ಹೋಗಿ ಪಕ್ಕದ ತಗ್ಗಿಗೆ ಸೇರುತ್ತದೆ, ಅಚ್ಚಿನಲ್ಲಿ ನರವೇ ಮಾಯ.

4. ಎಲೆಯನ್ನು ಮಳೆ ಹಾಳೆಯ ಮೇಲೆ ಬೋರಲು ಇಟ್ಟು, ಮೇಲೆ ಪತ್ರಿಕೆಯ ತುಂಡು ಮುಚ್ಚಿ. ಒಂದು ಕೈ ತೊಟ್ಟಿನ ಬಳಿ ಗಟ್ಟಿಯಾಗಿ ಹಿಡಿದಿರಲಿ, ಇನ್ನೊಂದು ಕೈಯ ಬೆರಳು ನಡುದಂಟಿನಿಂದ ಅಂಚಿನತ್ತ ಸಾಗಲಿ. ಆರು ವರ್ಷದವರಿಗೆ ಎರಡು ಕೈಗೆ ಎರಡು ಬೇರೆ ಕೆಲಸ ಕಷ್ಟ. ಜೋಡಿ ಮಾಡಿ, ಒಬ್ಬರು ಹಿಡಿಯಲಿ, ಇನ್ನೊಬ್ಬರು ಒತ್ತಲಿ.

5. ತೊಟ್ಟು ಹಿಡಿದು ಮೇಲಕ್ಕೆ ಎತ್ತಿ. ಅಲ್ಲೇ ಎಳೆದರೆ ಅಚ್ಚು ಅಳಿಸುತ್ತದೆ.

ಮೊದಲ ಅಚ್ಚು ಬಹುತೇಕ ಗಲೀಜಾಗಿರುತ್ತದೆ, ಬಣ್ಣ ಹೆಚ್ಚಾಗಿರುತ್ತದೆ. ಅದನ್ನು ಪತ್ರಿಕೆಯ ಮೇಲೆ ತೆಗೆಸಿ, ಬಣ್ಣ ಹಚ್ಚದೆಯೇ ಎರಡನೆಯದನ್ನು ಒಳ್ಳೆಯ ಹಾಳೆಗೆ ಒತ್ತಿಸಿ. ಸಣ್ಣ ನರವೂ ಎದ್ದು ಬರುವುದು ಎರಡನೆಯದರಲ್ಲೇ. ಮೇಣದ ಗೆರೆಯ ಮೇಲೆ ಬಣ್ಣ ಪೂರ್ತಿ ಹಿಡಿಯದೆ ಎಲೆಯನ್ನು ಸೀಳಿಕೊಂಡು ಮಳೆ ಬಿದ್ದಂತೆ ಕಾಣುತ್ತದೆ. ಕೆಟ್ಟುಹೋಯಿತೆಂದು ಅದನ್ನು ತಿದ್ದಲು ಹೋಗಬೇಡಿ.

ಮಳೆ ಹಾಳೆ ಮೊದಲು, ಎಲೆ ಆಮೇಲೆ ಎಂಬ ಕ್ರಮವನ್ನು ಹಿಂದುಮುಂದು ಮಾಡಬಾರದು. ಪೋಸ್ಟರ್ ಬಣ್ಣ ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಅಚ್ಚಿನ ಮೇಲೆ ಬ್ರಷ್ ಆಡಿಸಿದರೆ ಎಲೆ ಕೆಸರಾಗುತ್ತದೆ.

ಮೂರನೇ ವಾರ: ಎಲೆ ಏನಾಯಿತು?

ಹಾಳೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಲು ಹೇಳಿ, ಪ್ರತಿ ದಿಕ್ಕಿಗೆ ಅರ್ಧ ನಿಮಿಷ. ಕಾಫಿ ಎಲೆ ಒಬ್ಬರಿಗೆ ಮೀನು, ಇನ್ನೊಬ್ಬರಿಗೆ ಗೊರಗ (ಮಳೆಗೆ ತಲೆ, ಬೆನ್ನು ಮುಚ್ಚುವ ಹೊದಿಕೆ) ಹೊದ್ದು ಗದ್ದೆಯಲ್ಲಿ ಬಗ್ಗಿದ ಅಜ್ಜಿ. ಕಪ್ಪು ಕ್ರೆಯಾನ್ ಒಂದೇ ಕೊಡಿ. ಹನ್ನೆರಡು ಬಣ್ಣದ ಡಬ್ಬಿ ತೆರೆದರೆ ಬಣ್ಣ ತುಂಬುವುದೇ ಕೆಲಸವಾಗಿ ಎಲೆ ಮುಚ್ಚಿಹೋಗುತ್ತದೆ. ಕೈಕಾಲು, ಕಣ್ಣು, ಮನೆ, ದಾರಿ ಏನು ಬೇಕಾದರೂ ಸೇರಿಸಲಿ, ಅಚ್ಚನ್ನು ಮಾತ್ರ ಅಳಿಸುವಂತಿಲ್ಲ ಎಂಬುದು ಒಂದೇ ನಿಯಮ. ಅಜ್ಜಿ ಮನೆಗಿಂತ ದೊಡ್ಡವಳಾದರೆ, ಗೋಡೆಯೊಳಗಿನ ಬೆಕ್ಕು ಹೊರಗಿನಿಂದಲೇ ಕಂಡರೆ ತಿದ್ದಬೇಡಿ. ಮುಖ್ಯವಾದದ್ದು ದೊಡ್ಡದು, ಗೊತ್ತಿರುವುದೆಲ್ಲ ಕಾಣಬೇಕು ಎಂಬುದೇ ಈ ವಯಸ್ಸಿನ ಲೆಕ್ಕ.

‘ಚೆನ್ನಾಗಿದೆ’ ಎಂದುಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಇವರು ಎಲ್ಲಿಗೆ ಹೊರಟಿದ್ದಾರೆ?’ ಎಂದು ಕೇಳಿ. ಕೊಡವ ತಕ್ಕ್, ಅರೆಭಾಷೆ, ಎರವ, ತುಳು, ಮಲಯಾಳಂ, ಮನೆಯಲ್ಲಿ ಆಡುವ ಯಾವ ಮಾತಿನಲ್ಲಾದರೂ ಹೇಳಲಿ. ಪಕ್ಕದ ಮಗು ಕನ್ನಡದಲ್ಲಿ ಹೇಳಿದ್ದನ್ನು ನೀವು ಹಾಳೆಯ ಕೆಳಗೆ ಒಂದು ಸಾಲಾಗಿ ಬರೆಯಿರಿ. ಯಾರಿಗಾದರೂ ಏನೂ ತೋಚದಿದ್ದರೆ ಎರಡನೇ ಎಲೆಯ ಅಚ್ಚೊಂದನ್ನು ಪಕ್ಕದಲ್ಲಿ ಹಾಕಿಸಿ. ಒಂಟಿ ಎಲೆಗೆ ಸಿಗದ ಕಥೆ ಎರಡಕ್ಕೆ ಸಿಗುತ್ತದೆ.

ಗೋಡೆಗೆ ಅಂಟಿಸುವಾಗ ಹೊರಗೋಡೆ ಬೇಡ. ಮಳೆ ನೀರು ಹೀರಿದ ಗೋಡೆಯಲ್ಲಿ ಟೇಪು ನಿಲ್ಲುವುದಿಲ್ಲ, ಹಾಳೆಗೆ ಬೂಸ್ಟು ಬರುತ್ತದೆ. ಒಳಗೆ ಮಕ್ಕಳ ಕಣ್ಣಿನ ಎತ್ತರಕ್ಕೆ, ನೆಲದಿಂದ ಸುಮಾರು ಮೂರೂವರೆ ಅಡಿಗೆ ಹಗ್ಗ ಕಟ್ಟಿ ಕ್ಲಿಪ್ಪು ಹಾಕಿದರೆ ಸಾಕು. ಎಲ್ಲರದ್ದೂ ಹಾಕಿ, ಆಯ್ದ ಐದನ್ನಲ್ಲ. ಸ್ಪಂಜುಗಳನ್ನು ಅಚ್ಚೊತ್ತಿದ ದಿನವೇ ತೊಳೆಸಿ ಹಿಂಡಿಡಿ. ಫೆವಿಕಾಲ್ ಒಣಗಿದರೆ ಮರುದಿನ ಅವು ಕಲ್ಲು.