ಎಣ್ಣೆ ಬಿಟ್ಟು ಘಮ ಮಾತ್ರ: ನನ್ನ ಹೇಝಲ್‌ನಟ್ ಬ್ರೌನ್ ಏಲ್

ಮೊದಲ ಸಲ ಹೇಝಲ್‌ನಟ್ ಎಂಬ ಗಟ್ಟಿ ಚಿಪ್ಪಿನ ಬೀಜ ಹಾಕಿ ಮಾಡಿದ ಬ್ರೌನ್ ಏಲ್, ಅಂದರೆ ಕಂದು ಬಣ್ಣದ ಬಿಯರ್, ಲೋಟದಲ್ಲಿ ಕಷಾಯದ ಹಾಗೆ ಸಪ್ಪೆಯಾಗಿ ನಿಂತಿತು. ಗುಳ್ಳೆಗಳು ಏಳುತ್ತಿದ್ದವು, ಆದರೆ ನೊರೆ ಮೇಲೆ ಬಂದ ಕ್ಷಣದಲ್ಲೇ ಒಡೆದುಹೋಗುತ್ತಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ವಾಸನೆಯೂ ಕೆಟ್ಟಿತು. ಆಗ ತುಮಕೂರಿನಿಂದ ನಮ್ಮ ಮನೆಗೆ ಬಂದಿದ್ದ ಅಮ್ಮ ಬಿಯರ್ ಕುಡಿಯುವವರಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು, "ಕಮಟು ಹಿಡಿದಿದೆಯಲ್ಲ, ಹಳೆಯ ಕಡಲೆಕಾಯಿ ಎಣ್ಣೆಯ ಹಾಗೆ" ಎಂದರು. ನಾನು ಯೀಸ್ಟ್ ಸರಿಯಿಲ್ಲವೇನೋ, ಬಾಟಲಿ ಸರಿಯಾಗಿ ತೊಳೆದಿಲ್ಲವೇನೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಕಾರಣ ಅಮ್ಮ ಹೇಳಿದ್ದೇ ಆಗಿತ್ತು: ಎಣ್ಣೆ.

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಅಮೆರಿಕದ ಹೇಝಲ್‌ನಟ್ ಬೆಳೆಯಲ್ಲಿ ಶೇ. 99ರಷ್ಟು ಈ ರಾಜ್ಯದ್ದೇ. ಅದರಲ್ಲೂ ಹೆಚ್ಚಿನದು ಇಲ್ಲಿಂದ ದಕ್ಷಿಣಕ್ಕೆ ಹರಡಿರುವ ವಿಲಾಮೆಟ್ ಕಣಿವೆಯದು. ಶರತ್ಕಾಲದಲ್ಲಿ ಕಾಯಿ ತಾನಾಗಿ ನೆಲಕ್ಕೆ ಉದುರುತ್ತದೆ, ಯಂತ್ರಗಳು ಅದನ್ನು ಸಾಲಾಗಿ ಗುಡಿಸಿ ಎತ್ತಿಕೊಳ್ಳುತ್ತವೆ. ಆ ತೋಟಗಳ ನಡುವೆ ಕಾರಿನಲ್ಲಿ ಹೋಗುವಾಗಲೇ ಇದನ್ನು ಬಿಯರ್‌ಗೆ ಹಾಕಬೇಕೆಂಬ ಆಸೆ ಹುಟ್ಟಿದ್ದು. ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ತಯಾರಿಸಲು 1978ರ ಕಾನೂನು ಅವಕಾಶ ಕೊಟ್ಟಿದೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿನಲ್ಲಿರುವವರು ಇದನ್ನು ಓದುವುದಕ್ಕಷ್ಟೇ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಆ ಮೊದಲ ಸಲ ನಾನು ಮಾಡಿದ್ದಿಷ್ಟು: ಒಂದು ಕಿಲೋ ಹೇಝಲ್‌ನಟ್ ಹುರಿದು, ಪುಡಿಮಾಡಿ, ಕುದಿಯುವ ಪಾತ್ರೆಗೇ ಸುರಿದೆ. ಹೇಝಲ್‌ನಟ್‌ನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಬಿಯರ್‌ನ ನೊರೆಯನ್ನು ಹಿಡಿದು ನಿಲ್ಲಿಸುವುದು ಬಾರ್ಲಿಯ ಪ್ರೋಟೀನು. ಅದರ ಪರದೆಯನ್ನು ಎಣ್ಣೆ ಒಡೆದುಹಾಕುತ್ತದೆ. ಉಳಿದ ಎಣ್ಣೆ ಆಮ್ಲಜನಕ ಸೋಕಿ ಕಮಟುತ್ತದೆ. ಇಷ್ಟು ನಷ್ಟವಾದರೂ ನಾನು ಬಯಸಿದ್ದ ಘಮ ಮಾತ್ರ ಲೋಟದಲ್ಲಿ ಇರಲಿಲ್ಲ. ಒಂದು ಗಂಟೆಯ ಕುದಿತದಲ್ಲಿ ಅದು ಹಬೆಯ ಜೊತೆ ಹೋಗಿ ಅಡುಗೆಮನೆಯನ್ನು ತುಂಬಿತ್ತು.

ಇಂಗ್ಲೆಂಡಿನ 'ನಟ್ ಬ್ರೌನ್ ಏಲ್' ಎಂಬ ಹೆಸರು ನನ್ನನ್ನು ದಾರಿ ತಪ್ಪಿಸಿತ್ತು. ಅಲ್ಲಿನ ಟ್ಯಾಡ್‌ಕಾಸ್ಟರ್ ಊರಿನ ಸ್ಯಾಮ್ಯುಯೆಲ್ ಸ್ಮಿತ್ ಎಂಬ ಬಿಯರ್ ತಯಾರಕರ ನಟ್ ಬ್ರೌನ್ ಏಲ್‌ನಲ್ಲಿ ಯಾವ ಬೀಜವೂ ಇಲ್ಲ. ಬಣ್ಣ ಬೀಜದ ಸಿಪ್ಪೆಯ ಕಂದು, ರುಚಿ ಹುರಿದ ಮಾಲ್ಟ್‌ನದು. ಇದು ತಿಳಿದ ಮೇಲೆ ನನ್ನ ಲೆಕ್ಕ ಬದಲಾಯಿತು. ಬೀಜದ ರುಚಿಯ ಮುಕ್ಕಾಲು ಪಾಲನ್ನು ಧಾನ್ಯದಿಂದಲೇ ತೆಗೆಯಬೇಕು, ಹೇಝಲ್‌ನಟ್ ಕೊನೆಯಲ್ಲಿ ಕೊಡುವ ಒಗ್ಗರಣೆಯಷ್ಟೇ ಆಗಬೇಕು.

ಮಾಲ್ಟ್ ನಮಗೆ ಹೊಸದೇನಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಮಾಡುವ ಮನೆಗಳಿಂದಲೇ ಬಂದವರು ನಾವು. ಬಾರ್ಲಿಗೂ ಅದೇ ಸಂಸ್ಕಾರ. ಎಷ್ಟು ಹುರಿಯುತ್ತೇವೆ ಎನ್ನುವುದರ ಮೇಲೆ ರುಚಿ ನಿಲ್ಲುತ್ತದೆ. ಈಗ 19 ಲೀಟರ್ ಬಿಯರ್‌ಗೆ ನಾನು ಹಾಕುವುದು ನಾಲ್ಕು ಕಿಲೋ ಮಾರಿಸ್ ಆಟರ್ ಎಂಬ ಇಂಗ್ಲಿಷ್ ಮಾಲ್ಟ್, 450 ಗ್ರಾಂ ಕ್ರಿಸ್ಟಲ್ ಮಾಲ್ಟ್, 350 ಗ್ರಾಂ ವಿಕ್ಟರಿ ಮಾಲ್ಟ್, 200 ಗ್ರಾಂ ಚಾಕೊಲೇಟ್ ಮಾಲ್ಟ್. ಕೊನೆಯದರಲ್ಲಿ ಚಾಕೊಲೇಟ್ ಇಲ್ಲ, ಬಣ್ಣಕ್ಕೆ ಬಂದ ಹೆಸರು ಅದು. ವಿಕ್ಟರಿ ಮಾಲ್ಟನ್ನು ಬಾಯಿಗೆ ಹಾಕಿಕೊಂಡು ಅಗಿದರೆ ಹುರಿದ ಬೀಜದ್ದೇ ರುಚಿ. ಈ ಬಿಯರ್‌ನ ಜೀವ ಅದರಲ್ಲಿದೆ.

ತರಿತರಿಯಾಗಿ ಒಡೆದ ಧಾನ್ಯವನ್ನು ಬಟ್ಟೆಯ ಚೀಲದಲ್ಲಿ ಹಾಕಿ, 67 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇಡುತ್ತೇನೆ. ಚೀಲ ಎತ್ತಿ ಸೋರಿಸಿ, ಉಳಿದ ಸಿಹಿನೀರನ್ನು ಒಂದು ಗಂಟೆ ಕುದಿಸುತ್ತೇನೆ. ಕುದಿ ಬಂದ ಕೂಡಲೇ 45 ಗ್ರಾಂ ವಿಲಾಮೆಟ್ ಹಾಪ್ಸ್, ಬಿಯರ್‌ಗೆ ಕಹಿ ಕೊಡುವ ಬಳ್ಳಿಯ ಹೂ. ಅದಕ್ಕಿಂತ ಹೆಚ್ಚು ಕಹಿ ಇದಕ್ಕೆ ಬೇಡ. ತಣಿಸಿ, ಇಂಗ್ಲಿಷ್ ಏಲ್ ಯೀಸ್ಟ್ ಹಾಕಿ, 19 ಡಿಗ್ರಿಯಲ್ಲಿ ಎರಡು ವಾರ ಹುದುಗಲು ಬಿಡುತ್ತೇನೆ. ನೀರಿಗೆ ಹೋಲಿಸಿದ ಸಾಂದ್ರತೆ 1.052ರಿಂದ 1.013ಕ್ಕೆ ಇಳಿಯುತ್ತದೆ, ಅಂದರೆ ಆಲ್ಕೋಹಾಲ್ ಸುಮಾರು ಶೇ. 5.1.

ಹುದುಗುವ ಆ ಎರಡು ವಾರಗಳಲ್ಲೇ ಹೇಝಲ್‌ನಟ್‌ನ ಕೆಲಸ. 500 ಗ್ರಾಂ ಬೀಜವನ್ನು ಓವನ್ನಿನಲ್ಲಿ 150 ಡಿಗ್ರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಹುರಿಯುತ್ತೇನೆ. ಗಡಿಯಾರಕ್ಕಿಂತ ಮೂಗನ್ನು ನಂಬುವುದು ಲೇಸು: ಘಮ ಗಾಢವಾದ ಕೂಡಲೇ ತೆಗೆಯಬೇಕು, ಒಂದು ನಿಮಿಷ ತಡವಾದರೂ ಸೀದ ವಾಸನೆ ಬಿಯರ್‌ವರೆಗೂ ಬರುತ್ತದೆ. ಬಿಸಿ ಇರುವಾಗಲೇ ಒರಟು ಬಟ್ಟೆಯಲ್ಲಿ ಕಟ್ಟಿ ತಿಕ್ಕಿ ಸಿಪ್ಪೆ ಬಿಡಿಸಬೇಕು. ಸಿಪ್ಪೆಯಲ್ಲಿ ಒಗರು ಇರುತ್ತದೆ. ಎರಡನೆಯ ಸಲ ಈ ಕೆಲಸ ಅಮ್ಮ ಮಾಡಿಕೊಟ್ಟರು. ಮೊರ ಇಲ್ಲಿ ಎಲ್ಲಿಂದ ತರುವುದು? ಅಗಲವಾದ ತಟ್ಟೆಯೊಂದನ್ನು ಹಿಡಿದು ಹಿತ್ತಲಿಗೆ ಹೋಗಿ, ಕಡಲೆಬೀಜ ಕೇರುವ ಹಾಗೆಯೇ ಕೇರಿದರು. ಎರಡು ನಿಮಿಷದಲ್ಲಿ ಸಿಪ್ಪೆ ಹಾರಿ ಬಿಳಿಯ ಬೀಜ ಉಳಿಯಿತು. ನಾನು ಅದಕ್ಕೆ ಮುಂಚೆ ಒಂದೊಂದನ್ನೇ ಬೆರಳಿನಲ್ಲಿ ಸುಲಿಯುತ್ತಿದ್ದೆ.

ಆಮೇಲೆ ಬೀಜವನ್ನು ದಪ್ಪದಪ್ಪ ಚೂರು ಮಾಡಿ, ಕಾಗದದ ಟವೆಲ್ ನಡುವೆ ಹರಡಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡುತ್ತೇನೆ. ಕಾಗದ ಎಣ್ಣೆ ಹೀರಿ ಪಾರದರ್ಶಕವಾಗುತ್ತದೆ. ಎರಡು ಸಲ ಕಾಗದ ಬದಲಿಸುತ್ತೇನೆ. ಪುಡಿ ಮಾಡಿದರೆ ಎಣ್ಣೆ ಹೊರಬಂದು ಮುದ್ದೆಯಾಗುತ್ತದೆ, ಮಾಡಬೇಡಿ. ಚೂರನ್ನು ಗಾಜಿನ ಭರಣಿಗೆ ಹಾಕಿ 750 ಮಿಲಿ ವೋಡ್ಕಾ ಸುರಿದು ಹತ್ತು ದಿನ ಇಡುತ್ತೇನೆ, ದಿನಕ್ಕೊಮ್ಮೆ ಅಲುಗಾಡಿಸುತ್ತೇನೆ. ಘಮವನ್ನು ನೀರಿಗಿಂತ ಆಲ್ಕೋಹಾಲ್ ಚೆನ್ನಾಗಿ ಎಳೆದುಕೊಳ್ಳುತ್ತದೆ. ಹತ್ತನೆಯ ದಿನ ಸೋಸಿ ಭರಣಿಯನ್ನು ಫ್ರೀಜರ್‌ನಲ್ಲಿಡುತ್ತೇನೆ. ವೋಡ್ಕಾ ಹೆಪ್ಪುಗಟ್ಟುವುದಿಲ್ಲ, ಎಣ್ಣೆ ಮಾತ್ರ ಮಂದವಾಗಿ ಮೇಲೆ ನಿಲ್ಲುತ್ತದೆ. ಅದನ್ನು ಚಮಚದಿಂದ ತೆಗೆದು, ಚಳಿ ಆರುವ ಮೊದಲೇ ಉಳಿದದ್ದನ್ನು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸುತ್ತೇನೆ. ಹನಿಹನಿಯಾಗಿ ಇಳಿಯುತ್ತದೆ, ಒಂದು ಸಂಜೆಯೇ ಬೇಕು. ಅವಸರ ಮಾಡಿ ಕಾಗದವನ್ನು ಹಿಂಡಿದರೆ ಎಣ್ಣೆಯೂ ಜೊತೆಗೇ ಇಳಿಯುತ್ತದೆ.

ಎಷ್ಟು ಬೆರೆಸಬೇಕು ಎನ್ನುವುದನ್ನು ನಾಲಿಗೆಯೇ ಹೇಳಬೇಕು. ಬಾಟಲಿ ತುಂಬುವ ದಿನ ನಾಲ್ಕು ಲೋಟಗಳಲ್ಲಿ ನೂರು ನೂರು ಮಿಲಿ ಬಿಯರ್ ತೆಗೆದು, ಸಿರಿಂಜ್‌ನಿಂದ ಅರ್ಧ, ಒಂದು, ಒಂದೂವರೆ, ಎರಡು ಮಿಲಿ ಬೆರೆಸಿ ನೋಡುತ್ತೇನೆ. ನನಗೆ ಒಂದೂವರೆ ಹಿಡಿಸಿತು. ಎರಡರಲ್ಲಿ ವೋಡ್ಕಾದ ಖಾರ ಗಂಟಲಿಗೆ ಸಿಗುತ್ತಿತ್ತು. 19 ಲೀಟರ್‌ಗೆ ಅದು 285 ಮಿಲಿ ಆಯಿತು, ಆಲ್ಕೋಹಾಲ್ ಅರ್ಧ ಶೇಕಡಾ ಏರಿತು. ಗುಳ್ಳೆಗೆ 115 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಬೆರೆಸಿ, ಬಾಟಲಿಗೆ ತುಂಬಿ, ಎರಡು ವಾರ ಮನೆಯ ಒಳಗೇ ಇಟ್ಟೆ.

ಪ್ರತಿ ಬಾಟಲಿಯ ಮೇಲೂ 'ಹೇಝಲ್‌ನಟ್ ಇದೆ' ಎಂದು ದೊಡ್ಡದಾಗಿ ಬರೆಯುತ್ತೇನೆ, ಕೈಗೆ ಕೊಡುವಾಗ ಬಾಯಲ್ಲೂ ಹೇಳುತ್ತೇನೆ. ಈ ಬೀಜದ ಅಲರ್ಜಿ ಇರುವವರಿಗೆ ಇದು ಪ್ರಾಣದ ಪ್ರಶ್ನೆ, ಎಣ್ಣೆ ತೆಗೆದ ಮಾತ್ರಕ್ಕೆ ಅಪಾಯ ಹೋಗುವುದಿಲ್ಲ.

ಮೂರನೆಯ ಸಲದ ಬಿಯರ್‌ನಲ್ಲಿ ಕಂದುಬಿಳಿ ನೊರೆ ಲೋಟದ ಕೊನೆಯ ಗುಟುಕಿನವರೆಗೂ ಅಂಚಿಗೆ ಅಂಟಿಕೊಂಡಿತ್ತು. ಮೊದಲು ಮಾಲ್ಟ್‌ನ ಸಿಹಿ, ಆಮೇಲೆ ಹುರಿದ ರುಚಿ, ಗುಟುಕು ಇಳಿದ ಮೇಲೆ ಮೂಗಿನಲ್ಲಿ ಹೇಝಲ್‌ನಟ್. ಆರು ಬಾಟಲಿಗಳನ್ನು ನೆಲಮಾಳಿಗೆಯ ಕತ್ತಲಲ್ಲಿ ಎತ್ತಿಟ್ಟಿದ್ದೇನೆ. ತಿಂಗಳಿಗೊಂದು ತೆರೆದು ಕಮಟು ಇದೆಯೇ ಎಂದು ಮೂಸಿ ನೋಡುತ್ತಿದ್ದೇನೆ. ನಾಲ್ಕನೆಯ ತಿಂಗಳಿನದು ಮೊನ್ನೆ ತೆರೆದೆ, ಇಲ್ಲ.