ತಾತ್ಕಾಲಿಕ ಸಲಹೆಗಾರರನ್ನು ನೇಮಿಸುವಾಗ ಏಜೆನ್ಸಿಗೆ ಕೇಳಬೇಕಾದದ್ದು

ಏಜೆನ್ಸಿ ಮೂಲಕ ಕೆಲವು ತಿಂಗಳ ಮಟ್ಟಿಗೆ ಸಲಹೆಗಾರರನ್ನು ನೇಮಿಸಿಕೊಳ್ಳುವವರು ಮೊದಲ ಮಾತುಕತೆಯಲ್ಲೇ ಕೇಳಿಬಿಡಿ: ನಾವು ಕೊಡುವ ದಿನದ ದರದಲ್ಲಿ ಸಲಹೆಗಾರರ ಕೈಗೆ ಸೇರುವುದೆಷ್ಟು, ನಿಮಗೆ ಉಳಿಯುವುದೆಷ್ಟು? ಉತ್ತರ ಶೇಕಡಾ ಲೆಕ್ಕದಲ್ಲಿ ಬಂದರೆ, ಯಾವುದರ ಮೇಲಿನ ಶೇಕಡಾ ಎಂದು ಮತ್ತೆ ಕೇಳಿ. ನೀವು 100 ಕೊಟ್ಟು ಅವರಿಗೆ 80 ಸೇರಿದರೆ, ಬಿಲ್ಲಿನ ಲೆಕ್ಕದಲ್ಲಿ ಏಜೆನ್ಸಿಯ ಪಾಲು ಶೇ 20. ಸಲಹೆಗಾರರ ದರದ ಮೇಲೆ ಹಾಕಿದರೆ ಅದೇ ಹಣ ಶೇ 25. ಎರಡೂ ಸುಳ್ಳಲ್ಲ, ಆದರೆ ಎರಡು ಏಜೆನ್ಸಿಗಳನ್ನು ಹೋಲಿಸುವಾಗ ಜನ ಎಡವುವುದು ಇಲ್ಲೇ.

ಏಜೆನ್ಸಿ ಲಾಭ ಮಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಹುಡುಕಾಟ, ಹಿನ್ನೆಲೆ ಪರಿಶೀಲನೆ, ನಿಮ್ಮ ಹಣ ಬರುವ ಮೊದಲೇ ಸಲಹೆಗಾರರಿಗೆ ಪಾವತಿಸುವ ಹೊರೆ, ಇವಕ್ಕೆಲ್ಲ ಬೆಲೆಯಿದೆ. ಅದನ್ನು ಹೇಳಲು ಹಿಂಜರಿಯುವವರ ಬಗ್ಗೆಯೇ ನನಗೆ ಅನುಮಾನ.

ವ್ಯಕ್ತಿವಿವರ ಕಳುಹಿಸುವ ಮುನ್ನ ಆ ವ್ಯಕ್ತಿಯ ಒಪ್ಪಿಗೆ ಪಡೆದಿದ್ದಾರೆಯೇ ಎಂಬುದನ್ನೂ ಲಿಖಿತವಾಗಿ ಕೇಳಿ. ಒಬ್ಬರದೇ ವಿವರ ಎರಡು ಏಜೆನ್ಸಿಗಳಿಂದ ಬಂದರೆ, ಶುಲ್ಕ ಯಾರಿಗೆ ಎಂಬ ಜಗಳ ನಿಮ್ಮ ತಲೆಗೇ ಸುತ್ತಿಕೊಳ್ಳುತ್ತದೆ. ಸಂದರ್ಶನಕ್ಕೆ ಬಂದವರೇ ಕೆಲಸಕ್ಕೂ ಬರಬೇಕು. ಅವರ ಹೆಸರು ಒಪ್ಪಂದದಲ್ಲಿರಲಿ. ಹಿಂದೆ ಅವರಿಂದ ಕೆಲಸ ಮಾಡಿಸಿಕೊಂಡವರಿಗೆ ನೀವೇ ಫೋನ್ ಮಾಡಿ, ಏಜೆನ್ಸಿ ಕೊಟ್ಟ ಸಾರಾಂಶ ಸಾಲದು.

ಮುಂದೆ ಅದೇ ವ್ಯಕ್ತಿಯನ್ನು ಕಾಯಂ ಮಾಡಿಕೊಂಡರೆ ಎಷ್ಟು ಶುಲ್ಕ, ಎಷ್ಟು ಕಾಲದ ನಂತರ ಅದು ಇಲ್ಲವಾಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.