ಕಂಪ್ಯೂಟರ್ ಆನ್ ಆಗ್ಲಿಕ್ಕೆ ಐದಾರು ನಿಮಿಷ ಬೇಕಾ? ಫಾರ್ಮ್ಯಾಟ್ ಮಾಡ್ಸುವ ಮೊದ್ಲು ಇಷ್ಟು ನೋಡಿ

ಕಾಪುವಿನಲ್ಲಿ ನಮ್ಮ ದೊಡ್ಡಮ್ಮನ ಮನೇಲಿ 2016ರಲ್ಲಿ ತಗೊಂಡ ಒಂದು ಡೆಸ್ಕ್‌ಟಾಪ್ ಉಂಟು. ದೊಡ್ಡಪ್ಪ ಭಜನಾ ಮಂದಿರದ ಲೆಕ್ಕ ಬರೆಯುದು ಅದ್ರಲ್ಲಿ, ಮೊಮ್ಮಕ್ಕಳ ಫೋಟೋ ಎಲ್ಲ ಇರುದೂ ಅದ್ರಲ್ಲೇ. ಹೋದ ಮಳೆಗಾಲದಲ್ಲಿ ಹೋದಾಗ ನೋಡಿದ್ರೆ ಸ್ವಿಚ್ ಹಾಕಿ ಒಳಗೆ ಹೋಗಿ ಚಾ ಕುಡ್ದು ಬಂದ್ರೂ ಸ್ಕ್ರೀನಲ್ಲಿ ಬಿಳಿ ಚುಕ್ಕೆ ತಿರುಗ್ತಾನೇ ಇತ್ತು. ಮೊಬೈಲಲ್ಲಿ ಟೈಮ್ ಹಿಡ್ದೆ, ಒಂದು ಫೋಲ್ಡರ್ ಓಪನ್ ಆಗುವಷ್ಟರಲ್ಲಿ 6 ನಿಮಿಷ 40 ಸೆಕೆಂಡ್. ಅಂಗಡಿಯಲ್ಲಿ ಕೇಳಿದ್ದಕ್ಕೆ ಫಾರ್ಮ್ಯಾಟ್ ಹೊಡೀಬೇಕು, ಅಂದ್ರೆ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕ್ಬೇಕು ಅಂದ್ರಂತೆ, ಫೋಟೋಗಳ ಇನ್ನೊಂದು ಕಾಪಿ ಎಲ್ಲಿಯೂ ಇಲ್ಲ. ನಂಗೆ ನಿಜಕ್ಕೂ ಹೆದರಿಕೆ ಆಯ್ತು ಮಾರಾಯ್ರೆ. ಫಾರ್ಮ್ಯಾಟ್ ಕೊನೇ ಔಷಧ, ಕಾಯಿಲೆ ಎಂತ ಅಂತ ನೋಡದೆ ಕೊಡುದಲ್ಲ.

ಹಾಗಾಗಿ ಮೊದಲನೇ ಕೆಲಸ ರಿಪೇರಿ ಅಲ್ಲ, ಕಾಪಿ. ಒಂದು ಎಕ್ಸ್‌ಟರ್ನಲ್ ಡಿಸ್ಕಿಗೋ ದೊಡ್ಡ ಪೆನ್‌ಡ್ರೈವಿಗೋ ಫೋಟೋ, ಲೆಕ್ಕದ ಫೈಲು, ಮಕ್ಕಳ ಸರ್ಟಿಫಿಕೇಟ್ ಸ್ಕ್ಯಾನು ಎಲ್ಲ ಹಾಕಿ, ಬೇರೆ ಕಂಪ್ಯೂಟರಲ್ಲಿ ಓಪನ್ ಆಗ್ತದಾ ಅಂತ ನೋಡಿ, ಆಮೇಲೆ ಮುಂದಿನದ್ದು.

ಇನ್ನು ಎಲ್ಲಿ ತಡ ಆಗ್ತದೆ ಅಂತ ಹಿಡೀಬೇಕು. ಬಟನ್ ಒತ್ತಿದಲ್ಲಿಂದ ವಿಂಡೋಸ್ ಲೋಗೋ ಬರುವವರೆಗೆ ಎಷ್ಟು, ಲೋಗೋದಿಂದ ಪಾಸ್‌ವರ್ಡ್ ಕೇಳುವವರೆಗೆ ಎಷ್ಟು, ಪಾಸ್‌ವರ್ಡ್ ಹಾಕಿದ ಮೇಲೆ ಮೌಸ್ ಸರಿಯಾಗಿ ಮಾತು ಕೇಳುವವರೆಗೆ ಎಷ್ಟು, ಮೂರನ್ನೂ ಬೇರೆ ಬೇರೆ ಬರ್ಕೊಳ್ಳಿ. ಮೂರಕ್ಕೂ ಕಾರಣ ಬೇರೆ.

ಲೋಗೋ ಬರುವ ಮೊದ್ಲೇ ತಡ ಆದ್ರೆ ಅದಕ್ಕೂ ವಿಂಡೋಸಿಗೂ ಸಂಬಂಧ ಇಲ್ಲ, ಫಾರ್ಮ್ಯಾಟ್ ಮಾಡಿಯೂ ಪ್ರಯೋಜನ ಇಲ್ಲ. ಪೆನ್‌ಡ್ರೈವ್, ಪ್ರಿಂಟರ್, ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲ ತೆಗ್ದು ಒಂದು ಸಲ ಆನ್ ಮಾಡಿ ನೋಡಿ. ಗಡಿಯಾರ ಯಾವುದೋ ಹಳೇ ತಾರೀಕು ತೋರಿಸ್ತದೆ, ಪ್ರತೀ ಸಲ ಎಫ್1 ಒತ್ತಿ ಅಂತ ಕೇಳ್ತದೆ ಅಂತಾದ್ರೆ ಮದರ್‌ಬೋರ್ಡಿನ ಬಟನ್ ಸೆಲ್ ಹೋಗಿದೆ ಅಂತ ಲೆಕ್ಕ. ಸಿಆರ್2032 ಅಂತ ಕೇಳಿ, 3 ವೋಲ್ಟಿನದ್ದು, ವಾಚ್ ಅಂಗಡಿಯಲ್ಲೂ ಸಿಗ್ತದೆ. ನಮ್ಮ ಕಡೆ ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ಗೇ ತೆಗ್ದಿಡ್ತೇವಲ್ಲ, ಅದು ಬೇಕಾದ್ದೇ, ತೆಗೀಲೇಬೇಕು. ಆದ್ರೆ ಪ್ಲಗ್ ಇದ್ದಾಗ ಗಡಿಯಾರ ಓಡುದು ಗೋಡೆ ಕರೆಂಟಲ್ಲಿ, ತೆಗ್ದಾಗ ಈ ಸೆಲ್ಲಿನಲ್ಲಿ, ಹಾಗಾಗಿ ಸೆಲ್ ಸ್ವಲ್ಪ ಬೇಗ ಮುಗೀತದೆ ಅಂತ ಗೊತ್ತಿದ್ರೆ ಸಾಕು.

ಪಾಸ್‌ವರ್ಡ್ ಹಾಕಿದ ಮೇಲೆ ತಡ ಅಂತಾದ್ರೆ ಅದು ಸುಲಭದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರ್ತದೆ, ಅದ್ರಲ್ಲಿ ಸ್ಟಾರ್ಟಪ್ ಅಂತ ಉಂಟು. ಇಂಪ್ಯಾಕ್ಟ್ ಹೈ ಅಂತ ಇರುವುದನ್ನು ಒಂದೊಂದೇ ನೋಡಿ, ಮೀಟಿಂಗ್ ಆ್ಯಪ್, ಗೇಮ್ ಲಾಂಚರ್, ಪ್ರಿಂಟರ್ ಕಂಪನಿಯ ಅಪ್‌ಡೇಟರ್, ಇವೆಲ್ಲ ರೈಟ್ ಕ್ಲಿಕ್ ಮಾಡಿ ಡಿಸೇಬಲ್. ಡಿಸೇಬಲ್ ಅಂದ್ರೆ ಅಳಿಸಿ ಹೋಗುದಲ್ಲ, ನೀವು ಬೇಕಾದಾಗ ಓಪನ್ ಮಾಡ್ಬಹುದು. ಕನ್ನಡ ಟೈಪಿಂಗಿನ ನುಡಿ, ಬರಹ ಸಾಫ್ಟ್‌ವೇರ್ ದಿನಾ ಬೇಕಾದ್ರೆ ಇರ್ಲಿ. ಸೆಕ್ಯುರಿಟಿ, ಆಡಿಯೋ, ಟಚ್‌ಪ್ಯಾಡ್ ಅಂತ ಇರುವುದನ್ನು ಮುಟ್ಬೇಡಿ. ದೊಡ್ಡಪ್ಪನದ್ರಲ್ಲಿ ಎರಡು ಆಂಟಿವೈರಸ್ ಇತ್ತು, ಒಂದು ಅವಧಿ ಮುಗ್ದದ್ದು, ಇನ್ನೊಂದು ಯಾರೋ ಫ್ರೀ ಅಂತ ಹಾಕಿ ಕೊಟ್ಟದ್ದು, ಎರಡೂ ಒಂದೇ ಫೈಲನ್ನು ಎರಡೆರಡು ಸಲ ತಪಾಸಣೆ ಮಾಡ್ತಾ ಕೂತಿದ್ವು. ಎರಡೂ ತೆಗ್ದೆ, ವಿಂಡೋಸಿನದ್ದೇ ಡಿಫೆಂಡರ್ ಮನೆಗೆ ಸಾಕಾಗ್ತದೆ. ರಿಜಿಸ್ಟ್ರಿ ಕ್ಲೀನರ್, ಸ್ಪೀಡ್ ಬೂಸ್ಟರ್ ಅಂತ ಬರ್ತದಲ್ಲ, ದಯವಿಟ್ಟು ಹಾಕ್ಬೇಡಿ, ಅವೂ ಸ್ಟಾರ್ಟಪ್ಪಲ್ಲೇ ಬಂದು ಕೂತ್ಕೊಳ್ತವೆ.

ಇನ್ನೂ ಯಾವುದು ಅಂತ ಗೊತ್ತಾಗದಿದ್ರೆ ಈವೆಂಟ್ ವ್ಯೂವರ್ ಓಪನ್ ಮಾಡಿ, ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್, ಆಪರೇಶನಲ್ ಅಂತ ಒಳಗೊಳಗೆ ಹೋಗಿ. 100 ನಂಬರಿನ ಈವೆಂಟಲ್ಲಿ ಬೂಟ್ ಆಗ್ಲಿಕ್ಕೆ, ಅಂದ್ರೆ ವಿಂಡೋಸ್ ಶುರುವಾಗ್ಲಿಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಮಿಲಿಸೆಕೆಂಡಲ್ಲಿ ಇರ್ತದೆ, 101 ಬಂದ್ರೆ ಯಾವ ಪ್ರೋಗ್ರಾಂ, 102 ಬಂದ್ರೆ ಯಾವ ಡ್ರೈವರ್ (ಪ್ರಿಂಟರ್, ಸೌಂಡಿನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ತಡ ಮಾಡಿತು ಅಂತ ಹೆಸ್ರು ಸಮೇತ ಸಿಗ್ತದೆ.

ಒಂದು ವಿಷಯ ತುಂಬ ಜನ ಗಮನಿಸುದಿಲ್ಲ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಸೆಟ್ಟಿಂಗ್ ಉಂಟು, ಅದು ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ವಿಂಡೋಸ್ ಪೂರ್ತಿ ಬಂದ್ ಆಗುದಿಲ್ಲ, ಅರ್ಧ ನಿದ್ದೆ ಇದ್ದ ಹಾಗೆ, ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗ್ತದೆ. ರೀಸ್ಟಾರ್ಟ್ ಕೊಟ್ರೆ ಮಾತ್ರ ಹೊಸದಾಗಿ ಶುರುವಾಗುದು. ದೊಡ್ಡಪ್ಪ ದಿನಾ ಶಟ್‌ಡೌನ್ ಮಾಡ್ತಿದ್ರೂ ಟಾಸ್ಕ್ ಮ್ಯಾನೇಜರಲ್ಲಿ ಅಪ್‌ಟೈಮ್ (ಪೂರ್ತಿ ಬಂದ್ ಆಗದೆ ಓಡಿದ ಹೊತ್ತು) 23 ದಿನ ಇತ್ತು. ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ.

ಈಗ ಲೋಗೋ ಮತ್ತೆ ಪಾಸ್‌ವರ್ಡ್ ನಡುವೆ ತಡ ಆಗುದು. ಹಳೇ ಮೆಷಿನಲ್ಲಿ ಹೆಚ್ಚಾಗಿ ಇದೇ, ಮತ್ತೆ ಕಾರಣ ಹೆಚ್ಚಾಗಿ ಹಾರ್ಡ್ ಡಿಸ್ಕೇ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸಲ್ಲಿ ಡಿಸ್ಕ್ ನೋಡಿ, ಎಚ್‌ಡಿಡಿ ಅಂತ ಉಂಟು, ಆನ್ ಆಗಿ ಎಷ್ಟೋ ಹೊತ್ತು 100% ಅಲ್ಲೇ ನಿಂತಿದೆ ಅಂತಾದ್ರೆ ಅಲ್ಲೇ ಉತ್ತರ ಸಿಕ್ಕಿತು. ವಿಂಡೋಸ್ ಶುರುವಾಗ್ಲಿಕ್ಕೆ ಸಾವಿರಾರು ಸಣ್ಣ ಸಣ್ಣ ಫೈಲು ಬೇಕು, ಅವು ಡಿಸ್ಕಿನಲ್ಲಿ ಅಲ್ಲಲ್ಲಿ ಹರಡಿಕೊಂಡು ಇರ್ತವೆ, ಒಳಗೆ ತಿರುಗುವ ತಟ್ಟೆಯ ಮೇಲಿಂದ ಓದುವ ಮುಳ್ಳು ಒಂದೊಂದು ಜಾಗಕ್ಕೂ ಹೋಗಿ ಬರ್ಬೇಕು. ನಿಮಿಷಕ್ಕೆ 7200 ಸುತ್ತಿನ ಡಿಸ್ಕ್ ಒಂದು ಸುತ್ತು ಬರ್ಲಿಕ್ಕೇ 8 ಮಿಲಿಸೆಕೆಂಡ್ ಮೇಲೆ ಬೇಕು, ಹಾಗಾಗಿ ಸೆಕೆಂಡಿಗೆ ನೂರರ ಆಸುಪಾಸು ಓದಿದ್ರೆ ಅದೇ ದೊಡ್ಡದು. ಒಂದೊಂದು ತೆಂಗಿನಕಾಯಿಗೂ ಮರ ಹತ್ತಿ ಇಳಿದ ಹಾಗೆ. ಹಾರ್ಡ್ ಡಿಸ್ಕಿನ ಬದ್ಲು ಹಾಕುವ, ಚಿಪ್ಪಿನಲ್ಲಿ ಫೈಲ್ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತುವೇ ಇಲ್ಲ, ಅದು ಸೆಕೆಂಡಿಗೆ ಸಾವಿರಗಟ್ಟಲೆ ಓದ್ತದೆ.

ಡಿಸ್ಕಿನ ಆರೋಗ್ಯ ನೋಡ್ಲಿಕ್ಕೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಉಂಟು. ನೀಲಿ ಗುಡ್ ಅಂತ ಬಂದ್ರೆ ಸರಿ. ಹಳದಿ ಕಾಷನ್ ಬಂದ್ರೆ, ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಅಂತ ಇರುವಲ್ಲಿ ಸೊನ್ನೆ ಬಿಟ್ಟು ಬೇರೆ ನಂಬರ್ ಇದ್ರೆ, ಆ ಡಿಸ್ಕನ್ನು ನಂಬ್ಬೇಡಿ. ಸಿಆರ್‌ಸಿ ಎರರ್ (ಡಾಟಾ ಸಾಗುವಾಗ ಆದ ತಪ್ಪಿನ ಲೆಕ್ಕ) ಏರ್ತಾ ಹೋದ್ರೆ ಹೆಚ್ಚಾಗಿ ತಪ್ಪು ಡಿಸ್ಕಿನದ್ದಲ್ಲ, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲಿನದ್ದು. ಸಮುದ್ರದ ಉಪ್ಪು ಗಾಳಿ, ಮಳೆಗಾಲದ ಥಂಡಿ ಸೇರಿ ಪಿನ್ನುಗಳು ಮಸುಕಾಗ್ತವೆ, ಕೇಬಲ್ ಬದಲಿಸಿದ್ರೆ ಸರಿಯಾಗುದುಂಟು.

ಎಸ್‌ಎಸ್‌ಡಿ ಹಾಕ್ಸುದಾದ್ರೆ ಹಳೇ ಡೆಸ್ಕ್‌ಟಾಪಿಗೂ ಲ್ಯಾಪ್‌ಟಾಪಿಗೂ ಹೆಚ್ಚಾಗಿ 2.5 ಇಂಚಿನ ಸಾಟಾ ಹೊಂದ್ತದೆ. 240 ಅಥವಾ 256 ಜಿಬಿ ಸಾಕು, ವಿಂಡೋಸ್ ಇದ್ರಲ್ಲಿ, ಫೋಟೋ ಹಳೇ ಡಿಸ್ಕಲ್ಲಿ, ಆದ್ರೆ ಹಳೇದು ಗುಡ್ ಇದ್ರೆ ಮಾತ್ರ. ರ‍್ಯಾಮ್ 4 ಜಿಬಿ ಇದ್ರೆ 8 ಮಾಡಿ, ಹಳೇ ಬಗೆಯ ಡಿಡಿಆರ್3ಯ ಜಾಗಕ್ಕೆ ಹೊಸ ಬಗೆಯ ಡಿಡಿಆರ್4 ಕೂರುದಿಲ್ಲ, ನೋಡಿ ತಗೊಳ್ಳಿ. ದುಡ್ಡು ಒಂದಕ್ಕೇ ಇರುದಾದ್ರೆ ನಾನು ಎಸ್‌ಎಸ್‌ಡಿಯೇ ಹೇಳ್ತೇನೆ. ಹಾಕಿದ ಮೇಲೆ ಅದಕ್ಕೆ ಚದುರಿದ ಫೈಲ್ ತುಂಡುಗಳನ್ನು ಒಟ್ಟು ಜೋಡಿಸುವ ಹಳೇ ಥರದ ಡಿಫ್ರಾಗ್ ಸಾಫ್ಟ್‌ವೇರ್ ಹಾಕ್ಬೇಡಿ, ವಿಂಡೋಸ್ ಅದ್ರಷ್ಟಕ್ಕೆ ನೋಡ್ಕೊಳ್ತದೆ.

ಡಬ್ಬ ತೆರೆಯುವಾಗ ಪ್ಲಗ್ ತೆಗ್ದು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡ್ದು, ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ ಆಮೇಲೆ ಕೈ ಹಾಕಿ. ಧೂಳು ತೆಗೆಯುವಾಗ ಫ್ಯಾನನ್ನು ತಿರುಗದ ಹಾಗೆ ಬೆರಳಲ್ಲಿ ಹಿಡ್ಕೊಳ್ಳಿ. ಕಾಪುವಿನದ್ರಲ್ಲಿ ಇರುವೆ ಗೂಡೇ ಇತ್ತು.

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, 2016ರ ಪ್ರೊಸೆಸರ್ ಅದ್ರ ಪಟ್ಟಿಯಲ್ಲಿ ಇಲ್ಲ. ಬ್ರೌಸರ್, ಲೆಕ್ಕ, ಫೋಟೋ ಇಷ್ಟೇ ಕೆಲಸ ಇರುವವ್ರು ವಿಂಡೋಸಿನ ಬದ್ಲು ಹಾಕುವ ಫ್ರೀ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ನೋಡ್ಬಹುದು, ಕನ್ನಡ ಟೈಪಿಂಗೂ ಆಗ್ತದೆ.

ದೊಡ್ಡಪ್ಪನದ್ದು ಎಸ್‌ಎಸ್‌ಡಿ ಹಾಕಿದ ಮೇಲೆ 31 ಸೆಕೆಂಡಿಗೆ ಬರ್ತದೆ. ಅವ್ರ ಹಳೇ ಡಿಸ್ಕ್ ಹಳದಿ ತೋರಿಸಿತ್ತು, ಅದನ್ನು ಬಿಚ್ಚಿ ಅಳಿಸದೆ ಕಪಾಟಿನಲ್ಲಿಟ್ಟಿದ್ದೇನೆ. ನೀವೂ ಕಾಪಿ ಮಾಡಿದ ಫೈಲೆಲ್ಲ ಒಂದು ತಿಂಗಳು ಬಳಸಿ ನೋಡುವವರೆಗೆ ಹಾಗೇ ಇಡಿ.